‘ನೋಡೋಣ’ ಅಂದರೆ ಹೌದಾ, ಇಲ್ವಾ?

ಬಿ.ಇ. ಮೂರನೇ ವರ್ಷದಲ್ಲಿ ಒಂದು ಸೆಮಿಸ್ಟರ್ ಓದಲು ಜರ್ಮನಿಯ ಡ್ರೆಸ್ಡೆನ್‌ಗೆ ಹೋಗಿದ್ದೆ. ಮೆಷಿನ್ ಡಿಸೈನ್ ಜೊತೆಗೆ ಸುಲಭದ ವಿಷಯವೊಂದಿರಲಿ ಎಂದು ‘ಅಂತರರಾಷ್ಟ್ರೀಯ ವ್ಯವಹಾರ’ ಆರಿಸಿಕೊಂಡೆ. ಹೆಚ್ಚು ಪಾಠ ಕಲಿಸಿದ್ದು ಅದೇ.

ಮೊದಲ ಪಾಠ ಗಡಿಯಾರದ್ದು. ನಮ್ಮ ಗುಂಪಿನ ಜರ್ಮನ್ ಗೆಳತಿ ‘ಹಾಲ್ಬ್ ಜೀಬೆನ್‌ಗೆ ಸೇರೋಣ’ ಎಂದಳು. ಹಾಲ್ಬ್ ಅಂದರೆ ಅರ್ಧ, ಜೀಬೆನ್ ಅಂದರೆ ಏಳು. ನಮ್ಮ ಏಳೂವರೆ ಇರಬೇಕೆಂದು ಸರಿಯಾದ ಸಮಯಕ್ಕೇ ಹೋದೆ. ಅವರೆಲ್ಲ ಚರ್ಚೆ ಮುಗಿಸಿ ಬ್ಯಾಗ್ ಏರಿಸಿಕೊಳ್ಳುತ್ತಿದ್ದರು. ಅಲ್ಲಿ ಅದರರ್ಥ ಏಳಕ್ಕೆ ಅರ್ಧ ಗಂಟೆ ಬಾಕಿ, ಅಂದರೆ ಆರೂವರೆ! ಎಲ್ಲರೂ ನಕ್ಕರು.

ಎರಡನೆಯ ಪಾಠಕ್ಕೆ ಯಾರೂ ನಗಲಿಲ್ಲ. ಚನ್ನಪಟ್ಟಣದ ಗೊಂಬೆಗಳನ್ನು ಜರ್ಮನಿಯಲ್ಲಿ ಮಾರುವುದು ಹೇಗೆ ಎಂಬುದು ನಮ್ಮ ಪ್ರಾಜೆಕ್ಟ್. ಆ ಸೀಮೆಗೆ ಮರದ ಗೊಂಬೆ ಹೊಸದಲ್ಲ. ಅದೇ ರಾಜ್ಯದ ಬೆಟ್ಟಸೀಮೆಯಲ್ಲಿರುವ ಸೈಫೆನ್ ಎಂಬ ಊರು ಅದಕ್ಕೇ ಹೆಸರುವಾಸಿ. ಆದರೆ ಯುರೋಪಿಯನ್ ಒಕ್ಕೂಟದಲ್ಲಿ ಆಟಿಕೆ ಮಾರಲು ಸಿಇ ಗುರುತು ಬೇಕೇ ಬೇಕು. ಬಣ್ಣದಲ್ಲಿ ಸೀಸದಂಥ ಲೋಹ ಮಿತಿ ಮೀರಿಲ್ಲವೇ, ಪುಟ್ಟ ಮಗು ನುಂಗುವಂಥ ತುಂಡು ಕಳಚುವುದಿಲ್ಲವೇ ಎಂದೆಲ್ಲ ಖಚಿತಪಡಿಸಬೇಕು. ಆ ಭಾಗ ಬರೆಯುವುದು ನನ್ನ ಪಾಲಿಗೆ ಬಂದಿತ್ತು.

‘ಶುಕ್ರವಾರಕ್ಕೆ ಮುಗಿಯುತ್ತಾ?’ ಎಂದು ಸೋಮವಾರ ಗೆಳತಿ ಕೇಳಿದಳು. ಮುಗಿಯುವುದಿಲ್ಲ ಎಂದು ನನಗೆ ಗೊತ್ತಿತ್ತು. ಮುಖಕ್ಕೆ ಹೊಡೆದಂತೆ ಹೇಳುವುದು ಹೇಗೆ? ‘ನೋಡೋಣ, ಪ್ರಯತ್ನ ಮಾಡ್ತೀನಿ’ ಎಂದೆ. ನಮ್ಮೂರಲ್ಲಾಗಿದ್ದರೆ ಅಷ್ಟರಲ್ಲೇ ಅರ್ಥವಾಗುತ್ತಿತ್ತು. ಅವಳು ‘ಆಗುತ್ತದೆ’ ಎಂದು ಬರೆದುಕೊಂಡಳು. ಶುಕ್ರವಾರ ಆ ಭಾಗವಿಲ್ಲದೆಯೇ ಪ್ರಸೆಂಟೇಶನ್ ಕೊಟ್ಟೆವು. ನಾಲ್ವರಿಗೂ ಅಂಕ ಕಡಿಮೆ ಬಂತು. ‘ಸೋಮವಾರವೇ ಇಲ್ಲ ಅಂದಿದ್ದರೆ ಅರ್ಧ ನಾನೇ ಬರೆಯುತ್ತಿದ್ದೆ’ ಎಂದಳು. ಬೈಯಲಿಲ್ಲ. ಅದಕ್ಕೇ ಹೆಚ್ಚು ನೋವಾಯಿತು.

ನಾನು ಸೌಜನ್ಯ ಎಂದುಕೊಂಡದ್ದು ಅವಳಿಗೆ ಕೊಟ್ಟ ಮಾತು ತಪ್ಪಿದಂತೆ ಕಂಡಿತ್ತು. ಅವಳ ನೇರ ಮಾತು ನನಗೆ ಒರಟು ಅನ್ನಿಸುತ್ತಿತ್ತು. ಒಂದು ಸಂಜೆ ಕುಳಿತು ‘ನೋಡೋಣ’ ಎಂಬ ನಮ್ಮ ಪದದ ಗುಟ್ಟನ್ನು ಅವಳಿಗೆ ವಿವರಿಸಿದೆ. ಅಂದಿನಿಂದ ಒಂದು ರೂಢಿ ಮಾಡಿಕೊಂಡೆ. ಆಗುವುದಾದರೆ ಯಾವ ದಿನ ಎಂದು ಹೇಳುವುದು, ಆಗದಿದ್ದರೆ ಎಷ್ಟು ಆಗುತ್ತದೆ ಎಂದು ಹೇಳುವುದು.

ಇದಕ್ಕಾಗಿ ವಿದೇಶಕ್ಕೇ ಹೋಗಬೇಕಿಲ್ಲ. ನಾಳೆ ನಮಗೆ ಬೆಂಗಳೂರಿನಲ್ಲೇ ಕೆಲಸ ಸಿಕ್ಕರೂ, ಪರದೆಯ ಆಚೆ ಕುಳಿತವರು ಬೇರೆ ದೇಶದವರಿರಬಹುದು. ಅವರಿಗೆ ನಮ್ಮ ಇಂಗ್ಲಿಷ್ ಅರ್ಥವಾದೀತು, ನಮ್ಮ ಸಂಕೋಚ ಅರ್ಥವಾಗುವುದಿಲ್ಲ.

ಹೊರಡುವ ದಿನ ಗೆಳತಿಯನ್ನು ‘ನಮ್ಮೂರಿಗೆ ಬಾ’ ಎಂದು ಕರೆದೆ. ನಗುತ್ತಾ ಕನ್ನಡದಲ್ಲೇ ಅಂದಳು: ‘ನೋಡೋಣ!’