ಹಂಡೆಗೂ ಫ್ರಿಜ್ಜಿಗೂ ಇರುವ ನಂಟು: ಸ್ಟ್ಯಾನ್‌ಫರ್ಡ್ ಕ್ಯಾಂಪಸ್ಸಿನ ಒಂದು ಲೆಕ್ಕ

ಊರಿನಿಂದ ಬಂದ ಅಪ್ಪ-ಅಮ್ಮ, ನೆಂಟರಿಷ್ಟರನ್ನು ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯ ತೋರಿಸಲು ಕರೆದುಕೊಂಡು ಹೋಗುವುದು ಬೇ ಏರಿಯಾದಲ್ಲಿರುವ ನಮಗೆಲ್ಲ ಹೆಚ್ಚುಕಡಿಮೆ ಕಡ್ಡಾಯ. ಪಾಮ್ ಮರಗಳ ಸಾಲು, ಮರಳುಗಲ್ಲಿನ ಕಮಾನುಗಳು, ಹೂವರ್ ಗೋಪುರ, ರೋಡಾನನ ಕಂಚಿನ ವಿಗ್ರಹಗಳು. ನಡುವೆ ಯಾರಾದರೊಬ್ಬರು "ಎಷ್ಟು ಹಸಿರಾಗಿ ಇಟ್ಟುಕೊಂಡಿದ್ದಾರಪ್ಪ!" ಎಂದು ಹುಲ್ಲುಹಾಸಿನ ಕಡೆ ಕೈತೋರಿಸದೆ ಇರುವುದಿಲ್ಲ. ಆದರೆ ಪರಿಸರದ ಲೆಕ್ಕದಲ್ಲಿ ಈ ಕ್ಯಾಂಪಸ್ ನಿಜವಾಗಿ ಹಸಿರಾದದ್ದು ಆ ಹುಲ್ಲಿನ ಕೆಳಗೆ, ಮಣ್ಣಿನೊಳಗಿನ ಕೊಳವೆಗಳಲ್ಲಿ. ಅದನ್ನು ಯಾವ ನೆಂಟರಿಗೂ ತೋರಿಸಲಾಗುವುದಿಲ್ಲವಾದ್ದರಿಂದ ಇಲ್ಲಿ ಬರೆದು ತೋರಿಸುತ್ತಿದ್ದೇವೆ.

ಮೊದಲಿಗೆ ಪದದ ಜಗಳ ಮುಗಿಸಿಬಿಡೋಣ. 'ಸಸ್ಟೈನಬಲ್' ಎಂಬುದಕ್ಕೆ ಪತ್ರಿಕೆಗಳಲ್ಲಿ 'ಸುಸ್ಥಿರ' ಎಂದು ಬರೆಯುತ್ತಾರೆ. ನಮ್ಮ ಕಿವಿಗೆ ಅದು ಸರ್ಕಾರಿ ಸುತ್ತೋಲೆಯಂತೆ ಕೇಳಿಸುತ್ತದೆ. ಪಾತ್ರೆ ಕೊಳ್ಳುವಾಗ ಅಜ್ಜಿ ಕೇಳುತ್ತಿದ್ದ "ಬಾಳಿಕೆ ಬರುತ್ತೇನೋ?" ಎಂಬ ಪ್ರಶ್ನೆಯೇ ಸಾಕೆನಿಸುತ್ತದೆ. ಒಂದು ವಿಶ್ವವಿದ್ಯಾಲಯ ಈಗ ಉರುವಲು, ನೀರು, ನೆಲ ಬಳಸುತ್ತಿರುವ ರೀತಿ ಬಾಳಿಕೆ ಬರುತ್ತದೆಯೋ ಇಲ್ಲವೋ, ಇಷ್ಟೇ ವಿಷಯ.

1987ರಿಂದ ಸ್ಟ್ಯಾನ್‌ಫರ್ಡಿಗೆ ಬೆಳಕನ್ನೂ ಬಿಸಿಯನ್ನೂ ಒದಗಿಸುತ್ತಿದ್ದುದು ನೈಸರ್ಗಿಕ ಅನಿಲ ಸುಡುವ ಒಂದು ಸ್ಥಾವರ. ಅನಿಲ ಉರಿಸಿ ವಿದ್ಯುತ್ ಮಾಡುವುದು, ಉಳಿದ ಶಾಖದಿಂದ ಹಬೆ ಎಬ್ಬಿಸಿ ಕೊಳವೆಗಳ ಮೂಲಕ ಕಟ್ಟಡಗಳಿಗೆ ಕಳಿಸುವುದು. ಆ ಕಾಲಕ್ಕೆ ಅದು ಜಾಣತನದ ವ್ಯವಸ್ಥೆಯೇ. ಕೋಣೆಗಳನ್ನು ತಂಪು ಮಾಡಲು ಮಾತ್ರ ಬೇರೆ ಯಂತ್ರಗಳಿದ್ದವು. ಅವು ತಣ್ಣೀರನ್ನು ಕಟ್ಟಡಗಳಿಗೆ ಕಳಿಸುತ್ತಿದ್ದವು. ಆ ನೀರು ಕೋಣೆಗಳ ಶಾಖ ಹೀರಿಕೊಂಡು ವಾಪಸ್ಸು ಬಂದಾಗ, ಆ ಶಾಖವನ್ನು ಕೂಲಿಂಗ್ ಟವರುಗಳಲ್ಲಿ ನೀರು ಆವಿ ಮಾಡಿ ಗಾಳಿಗೆ ಬಿಡುತ್ತಿದ್ದರು.

ಈ ಸ್ಥಾವರದ ಅವಧಿ 2015ಕ್ಕೆ ಮುಗಿಯುವುದಿತ್ತು. ಅದರ ಜಾಗಕ್ಕೆ ಏನು ತರಬೇಕೆಂದು ಲೆಕ್ಕ ಹಾಕಲು ಕುಳಿತವರು ವರ್ಷದ ಒಟ್ಟು ಬಿಲ್ಲನ್ನಷ್ಟೇ ನೋಡಲಿಲ್ಲ. ಗಂಟೆಗಂಟೆಗೆ ಎಷ್ಟು ಬಿಸಿ ಬೇಕಾಯಿತು, ಎಷ್ಟು ತಂಪು ಬೇಕಾಯಿತು ಎಂದು ಎರಡು ಗೆರೆ ಎಳೆದು ಒಂದರ ಮೇಲೊಂದು ಇಟ್ಟರು. ಚಳಿಗಾಲದಲ್ಲಿ ಬಿಸಿ, ಬೇಸಿಗೆಯಲ್ಲಿ ತಂಪು, ಎರಡೂ ಬೇರೆ ಬೇರೆ ಎಂದೇ ನಾವೆಲ್ಲ ಅಂದುಕೊಳ್ಳುತ್ತೇವೆ. ಅಲ್ಲಿ ಕಂಡದ್ದು ಬೇರೆ: ಬಿಸಿಯ ಬೇಡಿಕೆ ಮತ್ತು ತಂಪಿನ ಬೇಡಿಕೆ ಸುಮಾರು ಶೇ. 70ರಷ್ಟು ಒಂದೇ ಹೊತ್ತಿನಲ್ಲಿ ಬೀಳುತ್ತಿದ್ದವು! ಪ್ರಯೋಗಶಾಲೆಗಳು, ಆಸ್ಪತ್ರೆ, ಕಂಪ್ಯೂಟರ್ ಕೋಣೆಗಳಿಗೆ ಡಿಸೆಂಬರಿನಲ್ಲೂ ತಂಪು ಬೇಕು. ಅದೇ ಹೊತ್ತಿಗೆ ಪಕ್ಕದ ಹಾಸ್ಟೆಲ್ಲಿನಲ್ಲಿ ಸ್ನಾನಕ್ಕೆ ಬಿಸಿನೀರು ಬೇಕು. ಅಂದರೆ ಒಂದು ಕೈಯಲ್ಲಿ ಶಾಖವನ್ನು ಗಾಳಿಗೆ ಸುರಿಯುತ್ತ, ಇನ್ನೊಂದು ಕೈಯಲ್ಲಿ ಅನಿಲ ಸುಟ್ಟು ಅದೇ ಶಾಖವನ್ನು ಕೊಳ್ಳುತ್ತಿದ್ದರು.

ಸಾಹಿತ್ಯದ ಓದುಗರು ಇಲ್ಲಿಗೇ ಪುಟ ತಿರುಗಿಸಬಾರದು, ಮುಂದಿನದು ಅಡಿಗೆಮನೆಯ ವಿಷಯವೇ. ಫ್ರಿಜ್ಜಿನ ಹಿಂಬದಿ ಅಥವಾ ಪಕ್ಕ ಮುಟ್ಟಿ ನೋಡಿ, ಬೆಚ್ಚಗಿರುತ್ತದೆ. ಒಳಗಿನ ಹಾಲು, ತರಕಾರಿಯಿಂದ ಕಿತ್ತ ಶಾಖವನ್ನು ಅದು ಕೋಣೆಗೆ ಬಿಡುತ್ತಿದೆ. ಫ್ರಿಜ್ಜು ತಂಪನ್ನು 'ಉತ್ಪಾದಿಸು'ವುದಿಲ್ಲ, ಶಾಖವನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಸಾಗಿಸುವ ಹಮಾಲಿ ಅದು. ಈಗ ಆ ಹಿಂಬದಿಯ ಶಾಖ ಬಚ್ಚಲಿನ ಹಂಡೆಗೆ ಹೋಗುವಂತೆ ಮಾಡಿದರೆ? ಹಾಲೂ ತಂಪಾಯಿತು, ನೀರೂ ಕಾಯಿತು, ಕೂಲಿ ಒಂದೇ. ಸ್ಟ್ಯಾನ್‌ಫರ್ಡಿನವರು ಕಟ್ಟಿದ್ದು ಇಂಥದೇ ದೈತ್ಯ ಫ್ರಿಜ್ಜುಗಳನ್ನು. ಕಟ್ಟಡಗಳಿಂದ ಬೆಚ್ಚಗಾಗಿ ಮರಳುವ ನೀರಿನಿಂದ ಶಾಖ ತೆಗೆದು, ಇನ್ನೊಂದು ಸುತ್ತಿನ ನೀರನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸುತ್ತವೆ. ಯೋಜನೆಯ ಲೆಕ್ಕದಂತೆ ಕ್ಯಾಂಪಸ್ಸಿನ ಬಿಸಿಯ ಬೇಡಿಕೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ಇದರಲ್ಲೇ ತೀರುತ್ತದೆ. ಉಳಿದುದಕ್ಕೆ ಅನಿಲದ ಬಾಯ್ಲರುಗಳಿವೆ.

ಹೇಳಲು ಸುಲಭ, ಮಾಡಲು ಬಹಳ ಕಷ್ಟ. ಹಬೆಯ ಕೊಳವೆಯಲ್ಲಿ ಬಿಸಿನೀರು ಓಡಿಸಲಾಗುವುದಿಲ್ಲ. ಹೀಗಾಗಿ 20 ಮೈಲಿಗೂ ಹೆಚ್ಚು ಉದ್ದ ನೆಲ ಅಗೆದು ಹೊಸ ಕೊಳವೆ ಹೂಳಬೇಕಾಯಿತು, ಸುಮಾರು 155 ಕಟ್ಟಡಗಳ ಒಳಗಿನ ಜೋಡಣೆ ಬದಲಿಸಬೇಕಾಯಿತು. ಪಾಠ, ಪರೀಕ್ಷೆ, ಪ್ರಯೋಗ ಯಾವುದೂ ನಿಲ್ಲದಂತೆ ಇದನ್ನು ಮಾಡಬೇಕಿತ್ತು. 2015ರಲ್ಲಿ ಹೊಸ ಕೇಂದ್ರ ಪೂರ್ತಿಯಾಗಿ ಕೆಲಸ ಶುರುಮಾಡಿತು. ಖರ್ಚು 48 ಕೋಟಿ ಡಾಲರಿಗೂ ಹೆಚ್ಚು. ಹಳೆಯ ಮಾದರಿಯ ಸ್ಥಾವರವನ್ನೇ ಮತ್ತೆ ಕಟ್ಟಿದ್ದರೆ ಮೊದಲ ಖರ್ಚು ಕಡಿಮೆಯಾಗುತ್ತಿತ್ತು. ಆದರೆ ಮೂವತ್ತೈದು ವರ್ಷಗಳ ಅನಿಲ, ವಿದ್ಯುತ್, ನೀರು ಎಲ್ಲ ಸೇರಿಸಿ ನೋಡಿದಾಗ ಇದೇ ಅಗ್ಗ ಎಂದು ತೋರಿತು. ಅಷ್ಟು ದೂರದ ಲೆಕ್ಕ ನೋಡುವ ತಾಳ್ಮೆ, ಅಷ್ಟು ದುಡ್ಡು ಮುಂಗಡ ಹಾಕುವ ಶಕ್ತಿ ಎಲ್ಲ ಕಾಲೇಜುಗಳಿಗೂ ಇರುವುದಿಲ್ಲವೆಂಬುದನ್ನು ಮರೆಯುವಂತಿಲ್ಲ.

ನಮ್ಮಂಥ ಸಾಫ್ಟ್‌ವೇರ್ ಮಂದಿಗೆ ಖುಷಿ ಕೊಡುವ ಭಾಗ ಇನ್ನೊಂದಿದೆ. ಕೇಂದ್ರದಲ್ಲಿ ಮೂರು ಭಾರೀ ತೊಟ್ಟಿಗಳಿವೆ, ತಣ್ಣೀರಿಗೆ ಎರಡು, ಬಿಸಿನೀರಿಗೆ ಒಂದು. ಬಿಸಿನೀರಿನದರಲ್ಲೇ 20 ಲಕ್ಷ ಗ್ಯಾಲನ್ನಿಗೂ ಹೆಚ್ಚು ಹಿಡಿಯುತ್ತದೆ. ಇವು ಶಾಖದ ಬ್ಯಾಂಕ್ ಖಾತೆಗಳಿದ್ದಂತೆ. ಬೇಡಿಕೆಗಳು ಕೂಡಿಬಾರದ ಹೊತ್ತಿನಲ್ಲಿ ಇಲ್ಲಿ ಜಮಾ, ಬೇಕಾದಾಗ ಖರ್ಚು. ಯಾವ ಗಂಟೆಗೆ ಯಾವ ಯಂತ್ರ ಓಡಿಸಬೇಕು, ತೊಟ್ಟಿಗೆ ಎಷ್ಟು ತುಂಬಬೇಕು ಎಂಬುದನ್ನು ಹವಾಮಾನದ ಮುನ್ಸೂಚನೆ, ವಿದ್ಯುತ್ತಿನ ಬೆಲೆ, ಬೇಡಿಕೆಯ ಅಂದಾಜು ನೋಡಿ ಒಂದು ಸಾಫ್ಟ್‌ವೇರ್ ನಿರ್ಧರಿಸುತ್ತದೆ. ಅದನ್ನು ವಿಶ್ವವಿದ್ಯಾಲಯದವರೇ ಅಭಿವೃದ್ಧಿಪಡಿಸಿ ಪೇಟೆಂಟ್ ಪಡೆದಿದ್ದಾರೆ. ನಾಳೆ ಮಧ್ಯಾಹ್ನ ಸೆಕೆ ಎಂದು ಗೊತ್ತಾದರೆ ವಿದ್ಯುತ್ ಅಗ್ಗವಿರುವ ಹೊತ್ತಿನಲ್ಲಿ ತಣ್ಣೀರು ತುಂಬಿಸಿಕೊಳ್ಳುವುದು. ಹಿತ್ತಲಿನ ಸಂಪು ತುಂಬಿಸಲು ನಲ್ಲಿ ಬರುವ ಸಮಯ ಕಾಯುತ್ತಿದ್ದ ಬೆಂಗಳೂರಿನ ಗೃಹಿಣಿಯರಿಗೆ ಈ ಅಲ್ಗಾರಿದಮ್ ಹೊಸದೇನಲ್ಲ.

ಶಾಖವನ್ನು ಆವಿ ಮಾಡಿ ಬಿಡುವುದು ತಗ್ಗಿದ್ದರಿಂದ ನೀರೂ ಉಳಿಯಿತು, ಕ್ಯಾಂಪಸ್ಸಿನ ಕುಡಿಯುವ ನೀರಿನ ಬಳಕೆಯಲ್ಲಿ ಸುಮಾರು ಶೇ. 15ರಷ್ಟು. ಕೇಂದ್ರ ಆರಂಭವಾದ 2015ರ ಏಪ್ರಿಲ್‌ನಲ್ಲೇ ಬರಗಾಲದ ಕಾರಣ ಕ್ಯಾಲಿಫೋರ್ನಿಯಾ ಗವರ್ನರ್ ಜೆರ್ರಿ ಬ್ರೌನ್ ಊರೂರಿನ ನೀರಿನ ಬಳಕೆ ಶೇ. 25ರಷ್ಟು ತಗ್ಗಬೇಕೆಂದು ಆದೇಶ ಹೊರಡಿಸಿದ್ದು ನಮ್ಮಲ್ಲಿ ಹಲವರಿಗೆ ನೆನಪಿರಬಹುದು.

ಈಗ ವಿದ್ಯುತ್ತಿನ ಮಾತು. ಅನಿಲ ಬಿಟ್ಟ ಮೇಲೆ ಈ ಯಂತ್ರಗಳಿಗೆ ಕರೆಂಟು ಎಲ್ಲಿಂದ? 2016ರ ಕೊನೆಗೆ ಕರ್ನ್ ಕೌಂಟಿಯ ರೋಸಮಂಡ್ ಬಳಿ 67 ಮೆಗಾವಾಟ್‌ನ ಸೌರ ಸ್ಥಾವರ, 2022ರ ಮಾರ್ಚ್‌ನಲ್ಲಿ ಲೆಮೂರ್ ಬಳಿ ಇನ್ನೊಂದು, ಹೀಗೆ ಶೇ. 100ರಷ್ಟು ನವೀಕರಿಸಬಹುದಾದ ವಿದ್ಯುತ್ ಎಂದು ವಿಶ್ವವಿದ್ಯಾಲಯ ಘೋಷಿಸಿತು. ಈ ನೂರನ್ನು ಸ್ವಲ್ಪ ಬಿಡಿಸಿ ಓದಬೇಕು. ಬಿಸಿಲಿದ್ದಾಗ ಆ ಫಲಕಗಳು ಗ್ರಿಡ್ಡಿಗೆ ಹಾಕುವುದೂ ಕ್ಯಾಂಪಸ್ ಗ್ರಿಡ್ಡಿನಿಂದ ತೆಗೆಯುವುದೂ ವರ್ಷದ ಕೊನೆಗೆ ಸರಿದೂಗುತ್ತದೆ, ಅಷ್ಟೇ. ಜನವರಿಯ ರಾತ್ರಿ ಹತ್ತಕ್ಕೆ ಹಾಸ್ಟೆಲ್ಲಿನ ನೀರು ಕಾಯಿಸುವ ಕರೆಂಟಿನಲ್ಲಿ ಗ್ರಿಡ್ಡಿನ ಅನಿಲವೂ ಸೇರಿರುತ್ತದೆ. ಇದು ಮೋಸವೇನಲ್ಲ, ಆದರೆ ಗಂಟೆಗಂಟೆಯ ಲೆಕ್ಕದಿಂದ ಗೆದ್ದವರು ಇಲ್ಲಿ ವರ್ಷದ ಲೆಕ್ಕಕ್ಕೆ ಜಿಗಿದಿದ್ದಾರೆ ಎಂದು ನಮಗನ್ನಿಸುತ್ತದೆ. ಇನ್ನೊಂದು ತೊಂದರೆ 2022ರ ಜೂನ್‌ನಲ್ಲಿ ಕಂಡಿತು. ಪಕ್ಕದ ಸ್ಯಾನ್ ಮಟೇಯೊ ಕೌಂಟಿಯಲ್ಲಿ ಎದ್ದ ಎಡ್ಜ್‌ವುಡ್ ಕಾಡ್ಗಿಚ್ಚಿನಿಂದ ಕ್ಯಾಂಪಸ್ಸಿಗೆ ಬರುವ ವಿದ್ಯುತ್ ಕಡಿದು ತರಗತಿಗಳು ರದ್ದಾದವು. ಎಲ್ಲವನ್ನೂ ವಿದ್ಯುತ್ತಿಗೆ ಕಟ್ಟಿದ ಮೇಲೆ ತಂತಿಯೇ ಜೀವನಾಡಿ.

ಕಾರುಗಳ ವಿಷಯದಲ್ಲಿ ಒಳ್ಳೆಯತನಕ್ಕಿಂತ ಕಟ್ಟಳೆ ಕೆಲಸ ಮಾಡಿತು. 2000ದಲ್ಲಿ ಸಾಂಟಾ ಕ್ಲಾರಾ ಕೌಂಟಿ ಹೊಸ ಕಟ್ಟಡಗಳಿಗೆ ಒಪ್ಪಿಗೆ ಕೊಡುವಾಗ, ದಟ್ಟಣೆಯ ಹೊತ್ತಿನ ಕಾರು ಓಡಾಟ ಹೆಚ್ಚಬಾರದೆಂಬ ಷರತ್ತು ಹಾಕಿತು. ಕಟ್ಟಬೇಕೆಂಬ ಆಸೆಯೇ ವಿಶ್ವವಿದ್ಯಾಲಯವನ್ನು ಬಸ್ಸು, ಸೈಕಲ್ಲು, ರೈಲು ಪಾಸುಗಳ ಕಡೆ ತಳ್ಳಿತು. ಒಬ್ಬರೇ ಕಾರಿನಲ್ಲಿ ಬರುವವರ ಪ್ರಮಾಣ 2002ರಲ್ಲಿ ಶೇ. 72 ಇದ್ದದ್ದು ಮುಂದಿನ ಹತ್ತು ಹದಿನೈದು ವರ್ಷಗಳಲ್ಲಿ ಶೇ. 50ರ ಹತ್ತಿರ ಇಳಿಯಿತು. ಅಲ್ಲಿನ ಉಚಿತ ಬಸ್ಸಿನ ಹೆಸರು 'ಮಾರ್ಗರೀಟ್', ಹಿಂದೆ ಪಾಲೊ ಆಲ್ಟೋದಿಂದ ಕ್ಯಾಂಪಸ್ಸಿಗೆ ಗಾಡಿ ಎಳೆಯುತ್ತಿದ್ದ ಕುದುರೆಯ ಹೆಸರಂತೆ.

ಇದನ್ನೆಲ್ಲ ಓದಿದ ಗೆಳೆಯರು ನಾವು ಓದಿದ ಕಾಲೇಜಿನಲ್ಲೂ ಮಾಡಿಸೋಣ ಎಂದಾರು. ಹಾಗೇ ಎತ್ತಿ ಇಡಲಾಗುವುದಿಲ್ಲ. ಬೆಂಗಳೂರು, ಮೈಸೂರಿನಲ್ಲಿ ಕೋಣೆ ಬಿಸಿ ಮಾಡುವ ಗೋಜೇ ಇಲ್ಲ. ಆದರೆ ಸ್ನಾನಕ್ಕೆ ಬಿಸಿನೀರಂತೂ ಬೇಕೇ ಬೇಕು. ಬೆಳಗ್ಗೆ ಆರಕ್ಕೆ ಹಾಸ್ಟೆಲ್ಲಿನ ಗೀಸರುಗಳೆಲ್ಲ ಒಟ್ಟಿಗೆ ಹೊತ್ತಿಕೊಳ್ಳುವ ಕ್ಯಾಂಪಸ್ಸಿನಲ್ಲೇ ಹಗಲೂ ರಾತ್ರಿ ಶಾಖ ಹೊರಗೆ ಊದುವ ಕಂಪ್ಯೂಟರ್ ಕೇಂದ್ರವೂ ಇದ್ದರೆ, ನಡುವೆ ಒಂದು ತೊಟ್ಟಿ, ಒಂದು ಹೀಟ್ ಪಂಪ್ ಇಡಬಹುದೇ ಎಂದು ಕೇಳಬಹುದು. ಅವೆರಡರ ನಡುವಿನ ದೂರ ಹೆಚ್ಚಿದ್ದರೆ ಕೊಳವೆಯ ಖರ್ಚೇ ಉಳಿತಾಯವನ್ನು ನುಂಗಬಹುದು, ತಾರಸಿಯ ಸೋಲಾರ್ ಹೀಟರೇ ಅಗ್ಗವೆನಿಸಬಹುದು. ಇದನ್ನು ತಿಳಿಯಲು ಬೇಕಾದದ್ದು ಪ್ರತಿ ಕಟ್ಟಡಕ್ಕೊಂದು ಮೀಟರು ಮತ್ತು ಒಂದು ವರ್ಷದ ಗಂಟೆಗಂಟೆಯ ದಾಖಲೆ, ಒಟ್ಟು 8,760 ಸಾಲು. ಹಳೆಯ ವಿದ್ಯಾರ್ಥಿಗಳ ಸಂಘಗಳಿಂದ ಕಾಲೇಜಿಗೆ ದೇಣಿಗೆ ಹೋಗುವಾಗ ಸಾಮಾನ್ಯವಾಗಿ ಸಭಾಂಗಣದ ಕುರ್ಚಿ, ಕಲ್ಲಿನ ಫಲಕಕ್ಕೆ ಹೋಗುತ್ತದೆ. ಮುಂದಿನ ಸಲ ಮೀಟರಿಗೆ ಕೊಡುತ್ತೇವೆಂದು ಪ್ರಾಂಶುಪಾಲರಿಗೆ ಬರೆಯಬಹುದು. ಆ ಸಾಲುಗಳನ್ನು ಶನಿವಾರ ಕುಳಿತು ವಿಂಗಡಿಸಿಕೊಡಲು ನಮ್ಮ ಕೂಟದಲ್ಲೇ ಬೇಕಾದಷ್ಟು ಕೈಗಳಿವೆ.