ಅಕ್ಷರ, ಅರಣ್ಯ ಮತ್ತು ಪರದೆ: ಒಡೆಯರಪಾಳ್ಯದಿಂದ ಒಂದು ಅವಲೋಕನ

ತಂತ್ರಜ್ಞಾನವು ಕೇವಲ ಉಪಕರಣ, ಒಳಿತು ಕೆಡುಕುಗಳು ಬಳಸುವವನ ಕೈಯಲ್ಲಿವೆ ಎಂಬ ಮಾತನ್ನು ತರಗತಿಯಲ್ಲಿ ಆಗಾಗ ಕೇಳುತ್ತೇನೆ. ಜಗದ್ಗುರು ಫ್ರಾನ್ಸಿಸರು 2015ರ ‘ಲೌದಾತೋ ಸೀ’ ವಿಶ್ವಪರಿಪತ್ರದಲ್ಲಿ ಇದನ್ನು ಒಪ್ಪುವುದಿಲ್ಲ. ತಂತ್ರಜ್ಞಾನದ ಉತ್ಪನ್ನಗಳು ತಟಸ್ಥವಲ್ಲ, ಅವು ಬಲಿಷ್ಠರ ಹಿತಕ್ಕೆ ತಕ್ಕಂತೆ ಬದುಕಿನ ರೀತಿಯನ್ನೇ ತಿದ್ದುತ್ತವೆ ಎಂಬುದು ಅವರ ವಾದ. ಈ ವಾದವನ್ನು ಪರೀಕ್ಷಿಸಲು ರೋಮಿಗೆ ಹೋಗಬೇಕಾಗಿಲ್ಲ, ಹನೂರು ತಾಲ್ಲೂಕಿನ ಒಡೆಯರಪಾಳ್ಯ ಸಾಕು.

ಬಿಳಿಗಿರಿರಂಗನ ಬೆಟ್ಟ ಮತ್ತು ಮಲೆ ಮಹದೇಶ್ವರ ಕಾಡುಗಳ ನಡುವಣ ಈ ಸೀಮೆಯಲ್ಲಿ ಕನ್ನಡಿಗರು, ತಮಿಳು ಮಾತಿನ ರೈತರು, ಸೋಲಿಗರು ಹಾಗೂ 1970ರ ದಶಕದಲ್ಲಿ ನೆಲೆ ಪಡೆದ ಟಿಬೆಟನ್ ನಿರಾಶ್ರಿತರು ನೆರೆಹೊರೆಯವರು. ಮಲೆ ಮಹದೇಶ್ವರ ಅರಣ್ಯವು 2013ರಲ್ಲಿ ವನ್ಯಜೀವಿಧಾಮವಾಯಿತು. ಅರಣ್ಯಭೂಮಿಯನ್ನು ಅನ್ಯ ಕಾರ್ಯಕ್ಕೆ ಬಳಸಲು 1980ರ ಕಾಯಿದೆಯಂತೆ ಕೇಂದ್ರದ ಅನುಮತಿ ಬೇಕು. ಹೀಗಾಗಿ ಕಾಡಿನೊಳಗಿನ ಪೋಡಿಗೆ ಸಿಗ್ನಲ್ ತಲುಪುವುದು ಬೆಟ್ಟದ ಎತ್ತರದ ಪ್ರಶ್ನೆಯಷ್ಟೇ ಅಲ್ಲ, ಕಾನೂನಿನ ಪ್ರಶ್ನೆಯೂ ಹೌದು.

2020ರ ಜೂನ್‌ನಲ್ಲಿ ರಾಜ್ಯ ಸರ್ಕಾರವು ಐದನೆಯ ತರಗತಿಯವರೆಗೆ ಆನ್‌ಲೈನ್ ಬೋಧನೆಯನ್ನು ನಿಷೇಧಿಸಿತು; ಜುಲೈನಲ್ಲಿ ಉಚ್ಚ ನ್ಯಾಯಾಲಯವು, ಶಿಕ್ಷಣದ ಹಕ್ಕನ್ನು ಎತ್ತಿಹಿಡಿದು, ಅದಕ್ಕೆ ತಡೆ ನೀಡಿತು. ಆಗಸ್ಟ್‌ನಲ್ಲಿ ಬಂದ ‘ವಿದ್ಯಾಗಮ’ ಯೋಜನೆಯು ಮಕ್ಕಳನ್ನು ಮೂರಾಗಿ ವಿಂಗಡಿಸಿತು: ಫೋನ್ ಇಲ್ಲದವರು, ಅಂತರ್ಜಾಲವಿಲ್ಲದ ಫೋನ್ ಇರುವವರು, ಸ್ಮಾರ್ಟ್‌ಫೋನ್ ಇರುವವರು. ಶಿಕ್ಷಕರೇ ಮಕ್ಕಳಿದ್ದಲ್ಲಿಗೆ ಹೋಗಿ ಜಗಲಿ, ಮರದ ನೆರಳುಗಳಲ್ಲಿ ಪಾಠ ಮಾಡಿದ ಆ ಯೋಜನೆಯನ್ನು ನಾನು ಮೆಚ್ಚುತ್ತೇನೆ (ಸೋಂಕಿನ ಆತಂಕದಿಂದ ಅಕ್ಟೋಬರಿನಲ್ಲಿ ಅದು ನಿಂತದ್ದು ಬೇರೆ ಮಾತು). ಆದರೆ ಆ ವಿಂಗಡಣೆಯನ್ನು ಗಮನಿಸಿ. ಮಗುವಿನ ಸ್ಥಾನವನ್ನು ಮನೆಯ ಸಾಧನ ನಿರ್ಧರಿಸಿತು. ಆ ಸಾಧನವೋ ಹಗಲೆಲ್ಲ ತಂದೆಯೊಡನೆ ಕೂಲಿಗೆ ಹೋಗುತ್ತದೆ, ಸಂಜೆ ಮೊದಲು ಗಂಡುಮಗನ ಕೈ ಸೇರುತ್ತದೆ. ಇದನ್ನು ಯಾವ ಆದೇಶವೂ ಬರೆದಿರಲಿಲ್ಲ. ನಮ್ಮ ಸಂಸ್ಕೃತಿ ಬರೆದಿತ್ತು.

ಅಕ್ಷರದ ಕಥೆ ಇನ್ನೂ ಆಳವಾದುದು. 1991ರ ಯೂನಿಕೋಡ್‌ನಲ್ಲಿ ಕನ್ನಡಕ್ಕೆ ದೊರೆತ ಸ್ಥಾನವು ಭಾರತ ಸರ್ಕಾರದ ‘ಇಸ್ಕಿ’ ಮಾನಕವನ್ನು ಆಧರಿಸಿತ್ತು. ಹಿಂದೆ ಒಂದು ರಾಜ್ಯಶಕ್ತಿಯಿತ್ತು. ಮೊದಲ ಆವೃತ್ತಿಯಲ್ಲಿದ್ದ ಟಿಬೆಟನ್ ಲಿಪಿಯನ್ನು ಹಿಂತೆಗೆಯಲಾಯಿತು. ಬೇರೆ ರೂಪದಲ್ಲಿ ಅದು ಮರಳಿದ್ದು 1996ರಲ್ಲಿ. ನಾಡಿಲ್ಲದ ಆ ಜನಕ್ಕೆ ಅಕ್ಷರವಿನ್ಯಾಸಗಳನ್ನೂ ನಿಘಂಟು ತಂತ್ರಾಂಶವನ್ನೂ ಕಟ್ಟಿಕೊಟ್ಟವರಲ್ಲಿ ಪ್ರಮುಖರು ನಮ್ಮದೇ ಬೈಲಕುಪ್ಪೆಯ ಸೆರಾ ಮೇ ವಿಹಾರದ ಭಿಕ್ಷು ಗೆಶೆ ಲೋಬ್ಸಾಂಗ್ ಮೋನ್ಲಾಮ್. ಸೋಲಿಗರ ನುಡಿಗೆ ಸ್ವಂತ ಲಿಪಿಯಿಲ್ಲ. ಧ್ವನಿ ಗುರುತಿಸುವ ತಂತ್ರಾಂಶಗಳು ದಾಖಲಾದ ಮಾತಿನಿಂದಲೇ ಕಲಿಯುತ್ತವೆ; ದಾಖಲಾಗದ ಉಚ್ಚಾರಣೆ ಅವಕ್ಕೆ ತಪ್ಪಾಗಿ ಕೇಳಿಸುತ್ತದೆ.

ಇಲ್ಲಿ ದೈವಶಾಸ್ತ್ರದ ಪ್ರಶ್ನೆ ಏಳುತ್ತದೆ. ಅಂತರ್ಜಾಲವನ್ನು ಹೊಸ ಪೆಂತೆಕೋಸ್ತ್ ಎಂದು ಬಣ್ಣಿಸುವವರುಂಟು. ಆದರೆ ಪ್ರೇಷಿತರ ಕಾರ್ಯಕಲಾಪಗಳ ಎರಡನೆಯ ಅಧ್ಯಾಯದಲ್ಲಿ ಜನರು ಪ್ರೇಷಿತರ ಭಾಷೆಯನ್ನು ಕಲಿಯಬೇಕಾಗಲಿಲ್ಲ, ಪ್ರತಿಯೊಬ್ಬನೂ ತನ್ನ ಹುಟ್ಟುನುಡಿಯಲ್ಲೇ ಕೇಳಿದನು. ಅಲ್ಲಿ ಎದ್ದುನಿಂತು ಸಾರಿದ ಪೇತ್ರನನ್ನು ಕೆಲವೇ ವಾರಗಳ ಹಿಂದೆ ಅಂಗಳದಲ್ಲಿ ಹಿಡಿದುಕೊಟ್ಟದ್ದು ಅವನ ಗಲಿಲೇಯದ ಉಚ್ಚಾರಣೆ. ಪವಿತ್ರಾತ್ಮರು ಆ ಉಚ್ಚಾರಣೆಯನ್ನು ತಿದ್ದಿದರೆಂದು ಲೂಕನು ಎಲ್ಲಿಯೂ ಹೇಳುವುದಿಲ್ಲ.

ಆದ್ದರಿಂದ ಇಂಥ ಧರ್ಮಕೇಂದ್ರಗಳಿಗೆ ಪಾಲನಾ ತರಬೇತಿಗೆಂದು ಹೊರಡುವ ವಿದ್ಯಾರ್ಥಿಗಳಿಗೆ ನಾನು ಕೊಡುವ ಮೊದಲ ಕೆಲಸ ಹೀಗಿದೆ: ಜ್ಞಾನೋಪದೇಶದ ವಿಡಿಯೊ ತಯಾರಿಸುವ ಮುನ್ನ ಮನೆಮನೆಗೆ ನಡೆದು, ಫೋನ್ ಯಾರ ಕೈಯಲ್ಲಿದೆ, ಎಷ್ಟು ಹೊತ್ತಿಗೆ ಮನೆಗೆ ಬರುತ್ತದೆ, ಆ ಮನೆಯ ಹುಡುಗಿಗೆ ಅದು ಸಿಗುತ್ತದೆಯೇ, ಅವಳು ಪ್ರಾರ್ಥಿಸುವುದು ಯಾವ ಭಾಷೆಯಲ್ಲಿ ಎಂದು ಕೇಳಿ ಬರೆದುಕೊಂಡು ಬರುವುದು.