ತಟ್ಟೆಯಿಂದ ಕಡತಕ್ಕೆ: ತುಮಕೂರು ಸೀಮೆಯ ರಂಗಸಂಗೀತ ಹಾಗೂ ಧ್ವನಿಮುದ್ರಣೋದ್ಯಮದ ಸ್ಥಿತ್ಯಂತರ

ಡಿಜಿಟಲ್ ವಿತರಣೆಯು ಸಂಗೀತೋದ್ಯಮದ ಮೇಲೆ ಬೀರಿದ ಪರಿಣಾಮವನ್ನು ಕುರಿತ ಚರ್ಚೆ ಕನ್ನಡದಲ್ಲಿ ಬಹುಮಟ್ಟಿಗೆ ಚಲನಚಿತ್ರಗೀತೆಯ ಸುತ್ತಲೇ ನಡೆದಿದೆ. ಚಿತ್ರಗೀತೆಗೆ ಹಕ್ಕುದಾರ ಕಂಪನಿಯಿರುತ್ತದೆ, ಕರಾರುಪತ್ರವಿರುತ್ತದೆ, ಗಾಯಕರ ಹೆಸರು ದಾಖಲಾಗಿರುತ್ತದೆ. ಇವಾವುವೂ ಇಲ್ಲದ ಸಂಗೀತ ಪ್ರಕಾರಗಳು ಇದೇ ಬದಲಾವಣೆಯಲ್ಲಿ ಏನಾದವು ಎಂಬುದು ಬೇರೆಯೇ ಪ್ರಶ್ನೆ. ತುಮಕೂರು, ಗುಬ್ಬಿ, ಕುಣಿಗಲ್ ಸೀಮೆಯ ಪೌರಾಣಿಕ ನಾಟಕಗಳ ಸಂಗೀತ ಈ ಪ್ರಶ್ನೆಯ ವಿವೇಚನೆಗೆ ತಕ್ಕ ನಿದರ್ಶನವಾಗಿದೆ. ಅದರ ಇಂದಿನ ಸ್ಥಿತಿಯನ್ನು ಅರಿಯಲು ಧ್ವನಿಮುದ್ರಣ ಕಂಪನಿಗಳು ಮೂರು ಘಟ್ಟಗಳಲ್ಲಿ ನಿರ್ವಹಿಸಿದ ಪಾತ್ರವನ್ನು ಮೊದಲು ಗಮನಿಸುವುದು ಅಗತ್ಯ.

ತಟ್ಟೆಯ ಕಾಲ

ಭಾರತದಲ್ಲಿ ವಾಣಿಜ್ಯೋದ್ದೇಶದ ಧ್ವನಿಮುದ್ರಣ ಆರಂಭವಾದದ್ದು 1902ರಲ್ಲಿ, ಕಲ್ಕತ್ತೆಯಲ್ಲಿ. ಗ್ರಾಮಫೋನ್ ಕಂಪನಿಯ ಫ್ರೆಡ್ ಗೈಸ್‌ಬರ್ಗ್ ಅಂದು ಮುದ್ರಿಸಿಕೊಂಡ ಪ್ರಮುಖ ಕಲಾವಿದರಲ್ಲಿ ಗೌಹರ್ ಜಾನ್ ಒಬ್ಬರು. ಮುಂದೆ ಮೈಸೂರು ಅರಮನೆಯ ಆಶ್ರಯಕ್ಕೆ ಬಂದ ಆಕೆ 1930ರಲ್ಲಿ ಮೈಸೂರಿನಲ್ಲಿಯೇ ನಿಧನರಾದರು. ಹಾಡಿನ ಕೊನೆಯಲ್ಲಿ ಆಕೆ ತಮ್ಮ ಹೆಸರನ್ನು ತಾವೇ ಹೇಳುತ್ತಿದ್ದುದು ಪ್ರಸಿದ್ಧ ಸಂಗತಿ. ತಟ್ಟೆಗಳು ಅಚ್ಚಾಗುತ್ತಿದ್ದುದು ಜರ್ಮನಿಯ ಹ್ಯಾನೋವರ್ ನಗರದಲ್ಲಿ. ಹಾಡಿದವರು ಯಾರೆಂಬುದು ಅಲ್ಲಿನ ಕೆಲಸಗಾರರಿಗೆ ತಿಳಿದು, ತಟ್ಟೆಯ ನಡುವಿನ ಚೀಟಿಯಲ್ಲಿ ಹೆಸರು ತಪ್ಪಿಲ್ಲದೆ ಬರಬೇಕಾಗಿತ್ತು. ಕಲಾವಿದರ ಗುರುತು ಧ್ವನಿಯ ಜೊತೆಯಲ್ಲಿಯೇ ಸಾಗಬೇಕೆಂಬ ವ್ಯವಸ್ಥೆ ಈ ಉದ್ಯಮದಲ್ಲಿ ಹೀಗೆ ಆರಂಭದಿಂದಲೇ ಇದ್ದಿತು.

ಇದೇ ಅವಧಿಯಲ್ಲಿ ಹಳೆಯ ಮೈಸೂರು ಸೀಮೆಯಲ್ಲಿ ವೃತ್ತಿರಂಗಭೂಮಿ ಬೆಳೆಯುತ್ತಿತ್ತು. 1884ರಲ್ಲಿ ಗುಬ್ಬಿಯಲ್ಲಿ ಸ್ಥಾಪಿತವಾದ ಶ್ರೀ ಚನ್ನಬಸವೇಶ್ವರ ನಾಟಕ ಮಂಡಳಿ ಗುಬ್ಬಿ ವೀರಣ್ಣನವರ ನೇತೃತ್ವದಲ್ಲಿ ನಾಡಿನ ಪ್ರಮುಖ ಕಂಪನಿಯಾಯಿತು. 1930ರ ದಶಕದಲ್ಲಿ ಆನೆ-ಕುದುರೆಗಳೊಡನೆ ಪ್ರದರ್ಶಿಸಿದ ‘ಕುರುಕ್ಷೇತ್ರ’ ಅದರ ಹಿರಿಮೆಗೆ ಸಾಕ್ಷಿ. ರಂಗಭೂಮಿಯ ನಟ-ಗಾಯಕರ ಹಾಡುಗಳು ತಟ್ಟೆಗಳಲ್ಲಿಯೂ ಬಂದವು. ಆದರೆ ತಟ್ಟೆಯ ಒಂದು ಬದಿಯಲ್ಲಿ ಹಿಡಿಸುತ್ತಿದ್ದುದು ಮೂರು-ನಾಲ್ಕು ನಿಮಿಷಗಳ ಸಂಗೀತ ಮಾತ್ರ. ಇಡೀ ರಾತ್ರಿಯ ನಾಟಕದಿಂದ ಒಂದೆರಡು ಪದ್ಯಗಳಷ್ಟೇ ಆಯ್ಕೆಯಾಗಬಹುದಿತ್ತು, ಆಲಾಪನೆಯೂ ಮೊಟಕಾಗುತ್ತಿತ್ತು. ಯಾರ ಕಂಠ ಉಳಿಯಬೇಕು, ಯಾವ ಪದ್ಯ ಉಳಿಯಬೇಕು ಎಂಬ ತೀರ್ಮಾನ ಕಂಪನಿಯದಾಗಿತ್ತು. ಆಯ್ಕೆ ಕಿರಿದಾಗಿದ್ದರೂ, ಆಯ್ಕೆಯಾದುದಕ್ಕೆ ಕಂಪನಿಯ ಹೆಸರು, ಕಲಾವಿದರ ಹೆಸರು ಮತ್ತು ಕ್ರಮಸಂಖ್ಯೆ ತಪ್ಪದೆ ದೊರೆಯುತ್ತಿದ್ದವು.

ಧ್ವನಿಸುರುಳಿಯ ಕಾಲ

ಧ್ವನಿಸುರುಳಿಯ ಆಗಮನ ಈ ಏಕಸ್ವಾಮ್ಯವನ್ನು ಮುರಿಯಿತು. ಅಚ್ಚುಹಾಕುವ ಕಾರ್ಖಾನೆಯ ಅಗತ್ಯವಿಲ್ಲದೆ ಸಣ್ಣ ಬಂಡವಾಳದಲ್ಲಿ ಸುರುಳಿಗಳನ್ನು ಹೊರತರುವುದು ಸಾಧ್ಯವಾಯಿತು. 1978ರಲ್ಲಿ ಕೆ.ಎಸ್. ನಿಸಾರ್ ಅಹಮದ್ ಅವರ ಕವಿತೆಗಳಿಗೆ ಮೈಸೂರು ಅನಂತಸ್ವಾಮಿಯವರು ರಾಗ ಸಂಯೋಜಿಸಿದ ‘ನಿತ್ಯೋತ್ಸವ’ ಬಂದಿತು. ಅದು ಕನ್ನಡದ ಮೊದಲ ಭಾವಗೀತೆಗಳ ಧ್ವನಿಸುರುಳಿಯೆಂದು ಪರಿಗಣಿತವಾಗಿದೆ. 1987ರ ‘ಪ್ರೇಮಲೋಕ’ ಚಿತ್ರದ ಹಾಡುಗಳ ಮೂಲಕ ಬೆಂಗಳೂರಿನ ಲಹರಿ ಸಂಸ್ಥೆ ಕನ್ನಡ ಮಾರುಕಟ್ಟೆಯ ವಿಸ್ತಾರವನ್ನು ತೋರಿಸಿಕೊಟ್ಟಿತು. ವಚನ, ತತ್ತ್ವಪದ, ಹರಿಕಥೆಗಳ ಸುರುಳಿಗಳು ಜಾತ್ರೆಗಳ ಅಂಗಡಿಸಾಲಿನಲ್ಲಿಯೂ ಮಾರಾಟವಾದವು.

ಕಂಪನಿಗಳ ಸಂಖ್ಯೆ ಹೆಚ್ಚಿದರೂ ಅವುಗಳ ಬಲದ ಮೂಲ ಬದಲಾಗಿರಲಿಲ್ಲ. ಬೆಂಗಳೂರಿನ ಸಗಟು ವ್ಯಾಪಾರಿಯಿಂದ ತುಮಕೂರಿನ ಅಂಗಡಿಯವರೆಗೆ ಸರಕನ್ನು ತಲುಪಿಸಬಲ್ಲ ಸಾಮರ್ಥ್ಯವೇ ಆ ಬಲವಾಗಿತ್ತು. ಖಾಲಿ ಸುರುಳಿಗೆ ಬೇಡಿದ ಹಾಡುಗಳನ್ನು ತುಂಬಿಕೊಡುವ ಅಂಗಡಿಗಳು ಅದನ್ನು ಒಳಗಿನಿಂದಲೇ ಸವೆಸುತ್ತಿದ್ದವು. ನಕಲುಗೊಂಡ ಸುರುಳಿಯಲ್ಲಿ ಮುದ್ರಿತ ಹೊದಿಕೆ ಇರುತ್ತಿರಲಿಲ್ಲ. ಹಾಡಿನಿಂದ ಹಾಡಿದವರ ಹೆಸರು ಕಳಚಿಕೊಳ್ಳುವ ಪ್ರಕ್ರಿಯೆ ಇಲ್ಲಿಂದಲೇ ಮೊದಲಾಯಿತೆನ್ನಬಹುದು.

ಕಡತದ ಕಾಲ: ಕಂಪನಿಯ ಹೊಸ ರೂಪ

ಎಂಪಿ3 ರೂಪದ ಡಿಜಿಟಲ್ ಕಡತ ಬಂದ ಮೇಲೆ ನಕಲಿನ ವೆಚ್ಚ ಇಲ್ಲವೆನ್ನುವಷ್ಟಾಯಿತು. ಬೆಂಗಳೂರು–ತುಮಕೂರು ಹೆದ್ದಾರಿಯ ಅಂಚಿನ ಕ್ಯಾತ್ಸಂದ್ರದಂತಹ ಊರುಗಳಲ್ಲಿ ಮೊಬೈಲ್ ಅಂಗಡಿಗಳು ಮೆಮೊರಿ ಕಾರ್ಡಿಗೆ ನೂರಾರು ಹಾಡುಗಳನ್ನು ಅಲ್ಪ ಹಣಕ್ಕೆ ತುಂಬಿಕೊಡುವ ಕೇಂದ್ರಗಳಾದವು. ಸುರುಳಿ ಮತ್ತು ಸಾಂದ್ರಮುದ್ರಿಕೆಗಳ ಮಾರಾಟ ಕುಸಿಯಿತು. ಕರೆ ಮಾಡಿದವರಿಗೆ ಕೇಳಿಸುವ ಹಾಡಿನ ಸೇವೆ ಕೆಲವು ಕಾಲ ಕಂಪನಿಗಳಿಗೆ ಆಸರೆಯಾಯಿತು. 2016ರಲ್ಲಿ ಜಿಯೋ ಸೇವೆ ಆರಂಭವಾಗಿ ಅಂತರ್ಜಾಲದ ದರ ಇಳಿದಾಗ ಮೆಮೊರಿ ಕಾರ್ಡಿನ ವ್ಯಾಪಾರವೂ ಹಿನ್ನೆಲೆಗೆ ಸರಿಯಿತು. 2019ರಲ್ಲಿ ಸ್ಪಾಟಿಫೈ ಭಾರತಕ್ಕೆ ಬಂದಿತು. 2024ರ ವೇಳೆಗೆ ಜಗತ್ತಿನ ಧ್ವನಿಮುದ್ರಿತ ಸಂಗೀತದ ಆದಾಯದಲ್ಲಿ ಮೂರನೆಯ ಎರಡು ಭಾಗಕ್ಕೂ ಹೆಚ್ಚು ಇಂತಹ ನೇರ ಪ್ರಸಾರ ಸೇವೆಗಳಿಂದಲೇ ಬರುತ್ತಿತ್ತು.

ಧ್ವನಿಮುದ್ರಣ ಕಂಪನಿ ಇದರಿಂದ ಅಳಿಯಲಿಲ್ಲ, ರೂಪ ಬದಲಿಸಿತು ಎಂಬುದು ಇಲ್ಲಿ ಗಮನಾರ್ಹ. ಸರಕು ತಲುಪಿಸುವ ಸಂಸ್ಥೆಯಾಗಿದ್ದುದು ಹಕ್ಕನ್ನು ಕಾಯುವ ಸಂಸ್ಥೆಯಾಯಿತು. ಹಳೆಯ ಹಾಡುಗಳ ಕರಾರುಪತ್ರಗಳೇ ಅದರ ಪ್ರಧಾನ ಆಸ್ತಿಯಾದವು. 2022ರ ನವೆಂಬರ್‌ನಲ್ಲಿ ‘ಕೆ.ಜಿ.ಎಫ್. ಚಾಪ್ಟರ್ 2’ ಚಿತ್ರದ ಸಂಗೀತವನ್ನು ಅನುಮತಿಯಿಲ್ಲದೆ ಬಳಸಲಾಗಿದೆಯೆಂದು ಬೆಂಗಳೂರಿನ ಎಂ.ಆರ್.ಟಿ. ಮ್ಯೂಸಿಕ್ ಸಂಸ್ಥೆ ರಾಷ್ಟ್ರೀಯ ಪಕ್ಷವೊಂದರ ವಿರುದ್ಧ ನ್ಯಾಯಾಲಯದ ಮೆಟ್ಟಿಲೇರಿದ್ದು ಈ ಹೊಸ ಪಾತ್ರದ ದೃಷ್ಟಾಂತ. ಕೃತಿಸ್ವಾಮ್ಯ ಅಧಿನಿಯಮಕ್ಕೆ 2012ರಲ್ಲಿ ಆದ ತಿದ್ದುಪಡಿಯು ಗೀತರಚನಕಾರರಿಗೂ ಸಂಗೀತ ಸಂಯೋಜಕರಿಗೂ ರಾಯಲ್ಟಿಯಲ್ಲಿ ಸಮಪಾಲನ್ನು ವಿಧಿಸಿತು. ಆದರೆ ಪಾಲು ದೊರೆಯಬೇಕಾದರೆ ಮೊದಲು ಹೆಸರು ದಾಖಲಾಗಿರಬೇಕು.

ದಾಖಲೆಯಿಲ್ಲದ ಸಂಗೀತ

ತುಮಕೂರು ಸೀಮೆಯ ನಾಟಕದ ತೊಡಕು ಇರುವುದು ಇಲ್ಲಿಯೇ. ಗುಬ್ಬಿ ಕಂಪನಿಯ ವೈಭವ ಮುಗಿದ ಮೇಲೂ ಈ ಭಾಗದ ಗ್ರಾಮಗಳಲ್ಲಿ ಹವ್ಯಾಸಿಗಳು ‘ಕುರುಕ್ಷೇತ್ರ’ವನ್ನು ಆಡುವುದು ನಿಂತಿಲ್ಲ. ಪಾತ್ರಧಾರಿಗಳು ಪಾತ್ರಕ್ಕೆ ತಕ್ಕಂತೆ ತಾವೇ ಹಣ ಹಾಕುತ್ತಾರೆ. ಹಾರ್ಮೋನಿಯಂ ನುಡಿಸುವ ಡ್ರಾಮಾ ಮೇಷ್ಟ್ರು ತಿಂಗಳುಗಟ್ಟಲೆ ಕಂದಪದ್ಯಗಳನ್ನೂ ಮಟ್ಟುಗಳನ್ನೂ ಕಲಿಸುತ್ತಾರೆ. ಗ್ರಾಮಗಳಲ್ಲಿಯೂ ತುಮಕೂರಿನ ಗುಬ್ಬಿ ವೀರಣ್ಣ ಕಲಾಕ್ಷೇತ್ರದಲ್ಲಿಯೂ ನಡೆಯುವ ಇಂತಹ ಪ್ರಯೋಗಗಳು ಇಂದು ಯೂಟ್ಯೂಬಿನಲ್ಲಿ ಆದ್ಯಂತವಾಗಿ ದೊರೆಯುತ್ತವೆ. ಮೂರು ನಿಮಿಷದ ತಟ್ಟೆಗೆ ಹಿಡಿಸದಿದ್ದ ಆಲಾಪನೆ, ಪ್ರೇಕ್ಷಕರ ಒನ್ಸ್‌ಮೋರ್, ಪದ್ಯದ ನಡುವಿನ ಮಾತು ಎಲ್ಲವೂ ಅಲ್ಲಿವೆ. ಯಾವ ಕಂಪನಿಯ ಆಯ್ಕೆಯೂ ಇದಕ್ಕೆ ಬೇಕಾಗಿಲ್ಲ. ಇದು ಡಿಜಿಟಲ್ ವಿತರಣೆಯ ನಿಜವಾದ ಕೊಡುಗೆ.

ಆದರೆ ಇಂತಹ ಅನೇಕ ದೃಶ್ಯಾವಳಿಗಳ ಶೀರ್ಷಿಕೆಯಲ್ಲಿ ಪಾತ್ರದ ಹೆಸರಿರುತ್ತದೆ, ನಟನ ಹೆಸರಿರುವುದಿಲ್ಲ. ಮೇಷ್ಟ್ರ ಹೆಸರಾಗಲಿ ಪದ್ಯ ಬರೆದವರ ಹೆಸರಾಗಲಿ ಕಾಣುವುದು ಇನ್ನೂ ವಿರಳ. ಕಾನೂನಿನ ದೃಷ್ಟಿಯಲ್ಲಿ ಧ್ವನಿಮುದ್ರಣದ ನಿರ್ಮಾಪಕನೆಂದರೆ ಮುದ್ರಣಕ್ಕೆ ಮುಂದಾಗಿ ಅದರ ಹೊಣೆ ಹೊತ್ತವನು. ಹೀಗಾಗಿ ಕಲಿಸಿದ ಮೇಷ್ಟ್ರಿಗೆ ಆ ಹಕ್ಕು ತಾನಾಗಿ ಬರುವುದಿಲ್ಲ. ಪ್ರದರ್ಶಕರ ಹಕ್ಕನ್ನು 1994ರ ತಿದ್ದುಪಡಿ ಮಾನ್ಯಮಾಡಿದೆಯಾದರೂ ಹೆಸರೇ ಇಲ್ಲದ ಪ್ರದರ್ಶಕ ಅದನ್ನು ಚಲಾಯಿಸುವುದು ಕಷ್ಟ. ವಾಹಿನಿಯೊಂದು ಜಾಹೀರಾತಿನ ಪಾಲು ಪಡೆಯಬೇಕಾದರೆ ಸಾವಿರ ಚಂದಾದಾರರೂ ನಿಗದಿತ ವೀಕ್ಷಣೆಯೂ ಇರಬೇಕೆಂಬ ನಿಯಮ 2018ರಿಂದ ಜಾರಿಯಲ್ಲಿದೆ. ವರ್ಷಕ್ಕೆ ಸಾವಿರ ಬಾರಿಯೂ ಕೇಳಲ್ಪಡದ ಹಾಡಿಗೆ ಧ್ವನಿಮುದ್ರಣದ ರಾಯಲ್ಟಿ ನೀಡದಿರುವ ಕ್ರಮವನ್ನು ಸ್ಪಾಟಿಫೈ 2024ರಿಂದ ಅನುಸರಿಸುತ್ತಿದೆ. ಪ್ರವೇಶ ಎಲ್ಲರಿಗೂ ತೆರೆದಿದೆ, ಪ್ರತಿಫಲಕ್ಕೆ ಮಾತ್ರ ಹೊಸ ಹೊಸ್ತಿಲು ಎದ್ದಿದೆ.

ಗ್ರಂಥಾಲಯಗಳ ಹೊಣೆ

1954ರ ಪುಸ್ತಕ ಸಲ್ಲಿಕೆ ಅಧಿನಿಯಮವು ಮುದ್ರಿತ ಕೃತಿಗಳನ್ನು ರಾಷ್ಟ್ರೀಯ ಸಂಗ್ರಹಕ್ಕೆ ತಲುಪಿಸುತ್ತದೆ. ಧ್ವನಿಮುದ್ರಿಕೆಗಳು ಅದರ ವ್ಯಾಪ್ತಿಗೆ ಬರುವುದಿಲ್ಲ. ಖಾಸಗಿ ಜಾಲತಾಣದಲ್ಲಿರುವ ಕಡತವನ್ನು ಏರಿಸಿದವರು ಯಾವಾಗ ಬೇಕಾದರೂ ತೆಗೆದುಹಾಕಬಹುದಾದುದರಿಂದ ಅದನ್ನು ಸಂಗ್ರಹವೆಂದು ಭಾವಿಸುವಂತಿಲ್ಲ. ಈ ದಿಸೆಯಲ್ಲಿ ಎರಡು ಕಾರ್ಯಗಳು ತುರ್ತಿನವು. ಧ್ವನಿಮುದ್ರಣದ ಕೃತಿಸ್ವಾಮ್ಯ ಪ್ರಕಟಣೆಯ ನಂತರ ಅರವತ್ತು ವರ್ಷಗಳದ್ದಾದುದರಿಂದ, 1964ರ ಕೊನೆಯವರೆಗೆ ಪ್ರಕಟವಾದ ತಟ್ಟೆಗಳ ಮೇಲಿನ ಆ ಹಕ್ಕು ಮುಗಿದಿದೆ. ಸಾಹಿತ್ಯ ಮತ್ತು ಸಂಯೋಜನೆಯ ಹಕ್ಕನ್ನು ಪ್ರತ್ಯೇಕವಾಗಿ ಪರಿಶೀಲಿಸಿ, ರಂಗಗೀತೆಗಳ ಹಳೆಯ ತಟ್ಟೆಗಳನ್ನು ಚೀಟಿಯ ಮಾಹಿತಿ ಸಹಿತ ಡಿಜಿಟಲೀಕರಿಸಬಹುದು. ಎರಡನೆಯದಾಗಿ, ಇಂದು ನಡೆಯುತ್ತಿರುವ ಪ್ರಯೋಗಗಳ ದೃಶ್ಯಾವಳಿಗಳಿಗೆ ಊರು, ದಿನಾಂಕ, ಪಾತ್ರಧಾರಿಗಳು, ಮೇಷ್ಟ್ರು, ಪದ್ಯಕರ್ತೃ ಇವರ ವಿವರಗಳುಳ್ಳ ಸೂಚಿಯನ್ನು ಸಿದ್ಧಪಡಿಸಬೇಕು. ನಾಟಕದ ಕರಪತ್ರಗಳಲ್ಲಿ ಈ ವಿವರಗಳಲ್ಲಿ ಬಹುಪಾಲು ಅಚ್ಚಾಗಿರುತ್ತವೆ. ಅವನ್ನು ಆಯಾ ಕಡತಕ್ಕೆ ಜೋಡಿಸುವ ಕೆಲಸ ಮಾತ್ರ ಆಗಬೇಕಿದೆ.

ಒಂದು ಕಾಲಕ್ಕೆ ಧ್ವನಿಮುದ್ರಣ ಕಂಪನಿ ತನ್ನ ವ್ಯಾಪಾರದ ಅಗತ್ಯಕ್ಕಾಗಿ ಮಾಡುತ್ತಿದ್ದ ದಾಖಲಾತಿಯ ಕೆಲಸವನ್ನು ಈ ಸಂಗೀತದ ಮಟ್ಟಿಗೆ ಈಗ ಯಾರೂ ಮಾಡುತ್ತಿಲ್ಲ. ಅಕಾಡೆಮಿಗಳೂ ವಿಶ್ವವಿದ್ಯಾನಿಲಯಗಳೂ ಗ್ರಂಥಾಲಯಗಳೂ ಅದನ್ನು ವಹಿಸಿಕೊಳ್ಳಬೇಕಾಗಿದೆ. ಮೇಷ್ಟ್ರುಗಳ ಹಿರಿಯ ತಲೆಮಾರು ಬದುಕಿರುವಾಗಲೇ ಇದು ನಡೆಯದಿದ್ದರೆ, ಮುಂದಿನ ಸಂಶೋಧಕರಿಗೆ ಸಾವಿರಾರು ಗಂಟೆಗಳ ಸಂಗೀತ ಸಿಕ್ಕರೂ ಅದು ಯಾರದೆಂದು ಹೇಳುವವರು ಸಿಗಲಾರರು.